ಚೈತ್ರಗೌರಿಯ ಮೇಜು

ಏಪ್ರಿಲ್ 1, ಮಂಗಳವಾರ

ಇದು ಹೋದ ವರ್ಷದ ಡೈರಿ. ವಿಮಾ ಕಂಪನಿಯವರು ನನ್ನ ಯಜಮಾನರಿಗೆ ಕೊಟ್ಟದ್ದು. ಇವರು ಫೆಬ್ರವರಿ ಹನ್ನೊಂದರವರೆಗೆ ದಿನಾ ಬಿ.ಪಿ. ಎಷ್ಟಿತ್ತೆಂದು ಬರೆದಿಟ್ಟು ಹನ್ನೆರಡಕ್ಕೆ ತೀರಿಹೋದರು. ಉಳಿದ ಹಾಳೆಗಳು ಖಾಲಿ ಇವೆ, ಹಾಳು ಮಾಡುವುದು ಬೇಡವೆಂದು ನಾನು ಬರೆಯುತ್ತಿದ್ದೇನೆ. ವಾರ ಮಾತ್ರ ಒಂದು ದಿನ ಹಿಂದಿದೆ. ಡೈರಿಯ ಪ್ರಕಾರ ಇಂದು ಸೋಮವಾರ. ಹೊಡೆದು ಮಂಗಳವಾರ ಮಾಡಿದ್ದೇನೆ.

ಹೋದ ಸಲ ಇವರು ಹೋಗಿ ವರ್ಷದೊಳಗೆಂದು ಚೈತ್ರಗೌರಿ ಕೂಡಿಸಲಿಲ್ಲ. ಈ ಸಲ ಕೂಡಿಸಬೇಕು. ಮನೆಯಲ್ಲಿ ಮುತ್ತೈದೆ ಎಂದರೆ ಈಗ ಸೊಸೆ ದೀಪಾಲಿ ಒಬ್ಬಳೇ. ಅವಳ ತವರು ಹಾವೇರಿ, ಅವರಲ್ಲಿ ಈ ಪದ್ಧತಿ ಇಲ್ಲ. ಹೀಗಾಗಿ ಮೊದಲಿನಿಂದ ಹೇಳಿದೆ. ಗೌರಿ ಚೈತ್ರದಲ್ಲಿ ತವರಿಗೆ ಬರುತ್ತಾಳೆ, ಜೋಕಾಲಿಯಲ್ಲಿ ಕೂಡುತ್ತಾಳೆ. ಅವಳ ಮುಂದೆ ಮೇಜಿನ ಮೇಲೆ ಮೂರು ಮೆಟ್ಟಿಲು ಮಾಡಿ ಆರಾಸ, ಅಂದರೆ ಅಲಂಕಾರ, ಹೂಡಬೇಕು. ಒಂದು ಶುಕ್ರವಾರ ಓಣಿಯ ಮುತ್ತೈದೆಯರನ್ನು ಕರೆದು, ಆರಾಸ ತೋರಿಸಿ, ಕುಂಕುಮ ಹಚ್ಚಿ, ಕೋಸಂಬರಿ ಪಾನಕ ಕೊಟ್ಟು, ನೆನೆಗಡಲೆ ಉಡಿ ತುಂಬಿ ಕಳಿಸಬೇಕು.

"ನೀವು ಎಲ್ಲಿ ಕೂಡತೀರಿ ಅತ್ಯಾ?" ಎಂದಳು.

"ಅಡಿಗಿಮನ್ಯಾಗ. ಅವತ್ತ ನಾ ಹೊರಗ ಬರೂ ಹಂಗಿಲ್ಲ."

ಮಗ ಹೇಮಂತ ಬ್ಯಾಂಕಿನಿಂದ ಆಗಷ್ಟೇ ಬಂದಿದ್ದ. ಶೂ ಬಿಚ್ಚುತ್ತ, "ಅವ್ವಾ, ಈಗಿನ ಕಾಲದಾಗ ಇದನ್ನೆಲ್ಲಾ ಯಾರು ನೋಡತಾರ?" ಎಂದ.

"ಓಣಿ ನೋಡತದ."

"ಓಣಿಯಾಗ ಯಾರು?"

"ನಾನು" ಎಂದೆ. ಅದು ಖರೆ. ರಾಣೇಬೆನ್ನೂರಿನ ಈ ಓಣಿಯಲ್ಲಿ ಮೂವತ್ತಾರು ವರ್ಷ ಅದನ್ನೆಲ್ಲ ನೋಡುತ್ತ ಬಂದವಳು ನಾನೇ.

ಹಾಗೆ ಹೇಳುವಾಗ ನನಗೇನೂ ಅನ್ನಿಸಲಿಲ್ಲ. ಅಲ್ಲ, ಅನ್ನಿಸಿತು. ಡೈರಿಗೆ ಸುಳ್ಳು ಹೇಳಿ ಏನು ಮಾಡುವುದಿದೆ? ನನ್ನ ಆರಾಸದ ಮುಂದೆ ನನಗೂ ಕೂಡಬೇಕೆನ್ನಿಸಿತು. ಅರವತ್ತೈದು ವಯಸ್ಸಿಗೆ ಇಂಥ ಆಸೆ. ಬರೆದು ಮುಗಿಸಿದೆ.

ಏಪ್ರಿಲ್ 3, ಗುರುವಾರ

ಕರೆಯುವವರ ಪಟ್ಟಿ ಬೇಕೆಂದು ದೀಪಾಲಿ ಕೇಳಿದಳು. ನನ್ನ ಹಳೆಯ ನೋಟುಬುಕ್ಕು ಕೊಟ್ಟೆ. ಅದರಲ್ಲಿ ನಲವತ್ತೊಂದು ಹೆಸರು, ಅದರೊಳಗೆ ಒಂಬತ್ತಕ್ಕೆ ಗೀಟು.

"ಇವರೆಲ್ಲಾ ಊರು ಬಿಟ್ಟಾರೇನು?"

"ಇಲ್ಲ. ಇಲ್ಲೇ ಇದ್ದಾರ. ಅವರ ಮನಿಯವರು ಹೋದರು."

ಅವಳು ಗೀಟಿನ ಮೇಲೆ ಬೆರಳಾಡಿಸಿ, "ಸ್ಕೇಲ್ ಇಟ್ಟು ಎಳದೀರಿ" ಎಂದಳು. ಹೌದು, ಸ್ಕೇಲು ಇಟ್ಟೇ ಎಳೆದಿದ್ದೇನೆ. ಅಡ್ಡಾದಿಡ್ಡಿ ಗೀಟು ನನಗೆ ಸೇರುವುದಿಲ್ಲ.

"ಹಿಂಗ ಮಾಡಬೇಕಂತ ಯಾರು ಹೇಳಿದ್ರು ಅತ್ಯಾ?"

"ಯಾರು ಹೇಳಬೇಕು? ಗೊತ್ತಿರತದ."

ನೋಟುಬುಕ್ಕು ಒಳಗೆ ಒಯ್ದಳು. ಅವಳು ಹೆಚ್ಚು ಮಾತಾಡುವವಳಲ್ಲ. ಅದೊಂದು ಗುಣ ಅವಳಲ್ಲಿ ಒಳ್ಳೆಯದು ಎಂದು ಇಷ್ಟು ದಿನ ತಿಳಿದಿದ್ದೆ.

ಏಪ್ರಿಲ್ 5, ಶನಿವಾರ

ಪಾರ್ಸಲ್ ಬಂತು. ಬಿಚ್ಚಿದರೆ ಪ್ಲಾಸ್ಟಿಕ್ ಹುಲ್ಲು, ಪ್ಲಾಸ್ಟಿಕ್ ಕಮಲ, ಬಣ್ಣ ಬದಲಿಸುವ ದೀಪದ ಸರ. ದೀಪಾಲಿ ಆರಾಸಕ್ಕೆಂದು ತರಿಸಿದ್ದಾಳೆ.

ನಮ್ಮ ಮನೆಯ ಕಟ್ಟಳೆ ಹೇಳಿದೆ. ಇದು ನಮ್ಮ ಅತ್ತೆಯ ಕಾಲದಿಂದ ಇದೆ. ಗೌರಿ ತವರಿಗೆ ಬಂದವಳು, ಗಿರಾಕಿಯಲ್ಲ. ಅವಳ ಮುಂದೆ ದುಡ್ಡು ಕೊಟ್ಟು ತಂದದ್ದು ಇಡಬಾರದು. ಬಿದ್ದದ್ದು ಆರಿಸಿ ತರಬೇಕು, ಮನೆಯಲ್ಲಿ ಬೆಳೆದದ್ದು ಇಡಬೇಕು, ಇಲ್ಲದ್ದನ್ನು ನಾಲ್ಕು ಮನೆ ಬೇಡಿ ತರಬೇಕು. ಬೇಡುವುದರಲ್ಲೇ ಪುಣ್ಯ ಎಂದು ಅತ್ತೆ ಅನ್ನುತ್ತಿದ್ದರು. ಬೇಡಲಿಕ್ಕೆ ಮಾತ್ರ ನನ್ನನ್ನೇ ಕಳಿಸುತ್ತಿದ್ದರು.

ದೀಪಾಲಿ ಹುಲ್ಲನ್ನು ಮಡಚಿ ಪೆಟ್ಟಿಗೆಗೆ ಹಾಕಿದಳು. ಆಮೇಲೆ ಹೋಗಿ ಬೇವಿನ ಹೂವಿನ ಟೊಂಗೆ ತಂದಳು. ಜೊತೆಗೆ ಕೆಂಪಿರುವೆಗಳೂ ಬಂದವು. ಮಧ್ಯಾಹ್ನವೆಲ್ಲ ಮನೆ ಮಂದಿ ಕುರ್ಚಿಯ ಮೇಲೆ ಕಾಲು ಇಟ್ಟುಕೊಂಡು ಕೂತೆವು.

ಏಪ್ರಿಲ್ 7, ಸೋಮವಾರ

ಮೊದಲ ಮೆಟ್ಟಿಲಿಗೆ ಹೊಳೆಯ ದುಂಡುಗಲ್ಲು ಬೇಕು. ದೀಪಾಲಿ ಯಾರದೋ ಮನೆ ಕಟ್ಟುವಲ್ಲಿಂದ ಜಲ್ಲಿಖಡಿ ತಂದಳು, ಸಿಮೆಂಟ್ ಸಮೇತ. ಕಲ್ಲು ಯಾವುದಾದರೇನು ಎಂದಳು. ಅವಳಿಗೆ ತಿಳಿಸಿ ಹೇಳುವುದಕ್ಕಿಂತ ನಾನೇ ಹೋಗಿಬರುವುದು ಸುಲಭವೆನ್ನಿಸಿ ಐರಣಿ ಬಸ್ಸು ಹತ್ತಿದೆ.

ಹೊಳೆಯಲ್ಲಿ ನೀರು ಕಡಿಮೆ, ಕಲ್ಲು ಬೇಕಾದಷ್ಟು. ಕೋಳಿತತ್ತಿಯ ಗಾತ್ರದವು, ಬೂದುಬಣ್ಣದವು, ಒಂದೆರಡಕ್ಕೆ ಬಿಳಿ ಗೀರು ಇದ್ದವು. ಚೀಲ ತುಂಬಿದ ಮೇಲೆ ಎತ್ತಲಿಕ್ಕೆ ಬರದೆ ಅರ್ಧ ಕೆಳಗೆ ಸುರಿದೆ. ಸುರಿದವೇ ಒಳ್ಳೆಯವು ಎನ್ನಿಸಿ ಅವನ್ನೇ ತುಂಬಿ ಉಳಿದ ಅರ್ಧ ಬಿಟ್ಟೆ.

ಬರುವಾಗ ಕಂಡಕ್ಟರ್ ಚೀಲ ಒದ್ದು ನೋಡಿ, "ಏನೈತ್ರಿ ಅಜ್ಜಿ ಇದರಾಗ?" ಎಂದ.

"ಕಲ್ಲು."

"ನಿಮಗ ಬಿಟ್ಟಿ ಪ್ರಯಾಣರಿ. ಕಲ್ಲಿಗೆ ಇಲ್ಲ. ಕಲ್ಲಿನ ಆಧಾರ ಕಾರ್ಡ್ ತೋರಸ್ರಿ."

ಬಸ್ಸು ನಕ್ಕಿತು. ಗೌರಿಗೆ ಎಂದು ಹೇಳಿದೆ. ಅವನು ಚೀಲವನ್ನು ತಾನೇ ಎತ್ತಿ ಡ್ರೈವರ್ ಹಿಂದೆ ಇಟ್ಟ.

ಹದಿನಾಲ್ಕು ತಿಂಗಳಾದ ಮೇಲೆ ಊರು ದಾಟಿದ್ದೆ ಎಂದು ಮನೆಗೆ ಬಂದ ಮೇಲೆ ನೆನಪಾಯಿತು. ಮೊಣಕಾಲು ನೋಯುತ್ತಿದೆ.

ಏಪ್ರಿಲ್ 8, ಮಂಗಳವಾರ

ಹಾಲು ಕೊಡುವ ಭರಮಣ್ಣನ ಸಂಗಡ ಹಲಗೇರಿಗೆ ಹೋಗಿ ಹೊಲದಲ್ಲಿ ಉಳಿದ ಹತ್ತಿಕಾಯಿ ಆರಿಸಿಕೊಂಡು ಬಂದೆ. ಗೋವಿನಜೋಳದ ಸಿಪ್ಪೆಯನ್ನು ಅವನ ಹೆಂಡತಿ ಕೊಟ್ಟಳು. ಊಟವೂ ಹಾಕಿದಳು. ಎರಡು ರೊಟ್ಟಿ ತಿಂದೆ, ಇಲ್ಲ, ಮೂರು.

ಏಪ್ರಿಲ್ 10, ಗುರುವಾರ

ಬ್ಯಾಡಗಿಗೆ ಹೋಗಿದ್ದೆ. ಇವರು ಅಲ್ಲಿನ ಮಾರುಕಟ್ಟೆಯಲ್ಲಿ ಗುಮಾಸ್ತರಾಗಿದ್ದವರು. ಪ್ರತಿ ಚೈತ್ರಕ್ಕೆ ಒಂದು ಚೀಲ ಮೆಣಸಿನಕಾಯಿ ತಂದು, "ಯೂಸುಫಸಾಬ ಕೊಟ್ಟಾನ, ಕೇಳಿ ತಂದೇನಿ" ಎನ್ನುತ್ತಿದ್ದರು. ಉದ್ದನೆಯವು, ಸುಕ್ಕು ಬಿದ್ದವು, ಕಪ್ಪು ಅನ್ನುವಷ್ಟು ಕೆಂಪು. ಅವನ್ನು ಸರ ಮಾಡಿ ಮೇಲಿನ ಮೆಟ್ಟಿಲಿನಿಂದ ಇಳಿಬಿಟ್ಟರೆ ಬೇರೆ ಯಾವ ಹಾರವೂ ಬೇಡ.

ಯೂಸುಫಸಾಬ ಈಗಲೂ ತೂಕದ ಕಾಟಾದ ಹತ್ತಿರವೇ ಇದ್ದಾನೆ. ಗಡ್ಡ ಬೆಳ್ಳಗಾಗಿದೆ. ನನ್ನನ್ನು ನೋಡಿದವನೇ ಎದ್ದ.

"ಬರ್ರಿ ಬಾಯಾರ, ಕುಂದರ್ರಿ. ಸಾಹೇಬರ ಸುದ್ದಿ ತಡಾ ಮಾಡಿ ಗೊತ್ತಾತ್ರಿ."

"ಗೌರಿ ಮುಂದ ಇಡಲಿಕ್ಕೆ ಒಂದಿಷ್ಟು ಮೆಣಸಿನಕಾಯಿ ಬೇಕಾಗಿತ್ತು. ಪ್ರತಿ ವರ್ಷ ಇವರಿಗೆ ಕೊಡತಿದ್ರೆಲ್ಲ, ಹಂಗ."

ಖಾಲಿ ಚೀಲ ಎತ್ತಿಕೊಂಡವನು ನಿಂತ. "ನಾ ಎಲ್ಲಿ ಕೊಡತಿದ್ದೆರಿ? ಸಾಹೇಬರು ಎರಡು ಕಿಲೋ ತೂಗಿಸಿ ರೊಕ್ಕಾ ಕೊಟ್ಟ ಒಯ್ಯತಿದ್ರು. ಬ್ಯಾಡ ಅಂದ್ರ ಕೇಳತಿದ್ದಿಲ್ಲ. ಮನ್ಯಾಗ ಮಾತ್ರ ಹೇಳಬ್ಯಾಡೋ ಅಂತಿದ್ರು."

"ಯಾಕಂತ?"

"ಬೇಡಾಕ ನಾಚಿಕಿ ಆಗತದ ಅಂತಿದ್ರು."

ಆಮೇಲೆ ತಾನೇ ಕೂತು ಒಂದೊಂದಾಗಿ ಆರಿಸಿ ಚೀಲ ತುಂಬಿದ. ದುಡ್ಡು ಕೊಡಲು ಹೋದೆ. "ನೀವು ಬಾಯಿಬಿಟ್ಟು ಕೇಳೀರಿ, ಇವತ್ತು ಹಂಗ ಒಯ್ಯಬೇಕು" ಎಂದ.

ಅಂದರೆ ಮೂವತ್ತಾರು ವರ್ಷ ನನ್ನ ಗೌರಿಯ ಮುಂದೆ ಕೊಂಡ ಮೆಣಸಿನಕಾಯಿ ಇತ್ತು. ಗೌರಿಗೆ ಏನೂ ಆಗಿಲ್ಲ. ಮನೆಗೂ ಏನೂ ಆಗಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಇವರ ಮೇಲೆ ವಿಪರೀತ ಸಿಟ್ಟು ಬಂತು. ಮೋಟೆಬೆನ್ನೂರು ದಾಟಿದ ಮೇಲೆ ನಗು ಬಂತು, ತಡೆಯಲಿಕ್ಕಾಗಲಿಲ್ಲ. ಕಾಕೋಳ ಬರುವಷ್ಟರಲ್ಲಿ ಅಳುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಏಪ್ರಿಲ್ 12, ಶನಿವಾರ

ತೊಟ್ಟು ಎಲೆ ಸಮೇತ ಮಾವಿನಕಾಯಿ ಬೇಕು. ಓಣಿಯಲ್ಲಿ ಮಾವಿನ ಮರ ಉಳಿದಿರುವುದು ಒಂದೇ ಮನೆಯಲ್ಲಿ. ವಚ್ಛಲಾಬಾಯಿಯ ಹಿತ್ತಿಲಲ್ಲಿ. ನೋಟುಬುಕ್ಕಿನಲ್ಲಿ ಅವರ ಹೆಸರಿಗೆ 2009ರ ಗೀಟು ಇದೆ.

ಹತ್ತು ಮನೆ ಆಚೆ ಇರುವವರು. ಸಂತೆಯಲ್ಲಿ, ಔಷಧಿ ಅಂಗಡಿಯಲ್ಲಿ ಸಿಗುತ್ತಾರೆ, ಮಾತಾಡುತ್ತೇವೆ. ಅವರ ಹೊಸ್ತಿಲು ಮಾತ್ರ ಹದಿನಾರು ವರ್ಷದಿಂದ ದಾಟಿರಲಿಲ್ಲ. ಬೇಡಲಿಕ್ಕೆ ಬಂದೇನಿ ಎಂದೆ. ಅವರು ತಾವೇ ದೋಟಿ ಹಿಡಿದು ಕಿತ್ತರು, ನಾನು ಸೆರಗಿನಲ್ಲಿ ಹಿಡಿದೆ.

"ಈಗೂ ಹತ್ತಿಕಾಯಿ ಬಾತುಕೋಳಿ ಮಾಡತೀರೇನು?" ಎಂದು ಮರ ನೋಡುತ್ತಲೇ ಕೇಳಿದರು.

"ಮಾಡತೇನಿ. ಈಗ ಹತ್ತು ಮಾಡತೇನಿ."

"ಆವಾಗ ನಾಕು ಇರತಿದ್ದವು." ದೋಟಿ ಗೋಡೆಗೆ ಆನಿಸಿದರು. "ನೀವು ಕರಿಲಿಲ್ಲ ಅಂತ ನನಗ ಸಿಟ್ಟಿಲ್ಲ ಬಿಡ್ರಿ ಗೋದೂಬಾಯಾರ. ಪದ್ಧತಿ ನನಗೂ ಗೊತ್ತಿತ್ತು. ಮೊದಲನೇ ವರ್ಷ ಅಷ್ಟ, ಕರದರೂ ಕರದಾರು ಅಂತ ಸೀರಿ ಉಟಗೊಂಡು ಕೂತಿದ್ದೆ. ಏಳು ಗಂಟೆ ತನಕಾ."

ಕಾಯಿ ಸಾಕು ಎಂದೆ.

ಹದಿನಾಲ್ಕು ಮಾವಿನಕಾಯಿ ಸಿಕ್ಕವು, ಎಲ್ಲಕ್ಕೂ ತೊಟ್ಟಿದೆ. ನನಗೆ ನಾಚಿಕೆಯಾಗುತ್ತಿದೆ. ಅವತ್ತು ಅವರ ಮನೆಯ ಮುಂದಿನಿಂದಲೇ ಎಲ್ಲರನ್ನೂ ಕರೆಯುತ್ತ ಹೋಗಿದ್ದೆ, ಕುಂಕುಮದ ಭರಣಿ ಕೈಯಲ್ಲಿ ಹಿಡಿದುಕೊಂಡು.

ಏಪ್ರಿಲ್ 14, ಸೋಮವಾರ

ವಚ್ಛಲಾಬಾಯಿಯನ್ನು ಕರೆದು ಬಂದೆ.

"ಶುಕ್ರವಾರ ಬರ್ರಿ. ನಾನೂ ಅಡಿಗಿಮನ್ಯಾಗ ಇರತೇನಿ. ಇಬ್ಬರೂ ಅಲ್ಲೇ ಕೂಡೋಣು. ಬಾಗಲ ಸಂದಿಯಿಂದ ಆರಾಸ ಚಂದ ಕಾಣತದ."

ನಾನು ದೊಡ್ಡ ಮನಸ್ಸು ಮಾಡಿ ಹೇಳಿದ್ದೆ. ಅವರು ನಕ್ಕರು. "ಸಂದಿಯಿಂದ ನೋಡಲಿಕ್ಕೆ ಸೀರಿ ಯಾವುದು ಉಟಗೋಬೇಕು?" ಎಂದರು. ಬರುತ್ತೇನೆ ಅಂತಲೂ ಅಂದರು.

ಏಪ್ರಿಲ್ 17, ಗುರುವಾರ

ಬೆಳಗಿನಿಂದ ಆರಾಸ ಹೂಡಿದೆವು. ಇವರ ಮೇಜನ್ನು ಹೇಮಂತ ಪಡಸಾಲೆಗೆ ಎಳೆದ. ಅದರ ಮೇಲೆ ಮೂರು ಹಲಗೆ, ಹಲಗೆಯ ಮೇಲೆ ನನ್ನ ಹಳೆಯ ಹಸಿರು ಸೀರೆ.

ಕೆಳಗಿನ ಮೆಟ್ಟಿಲಲ್ಲಿ ಐರಣಿಯ ಕಲ್ಲು ಸುತ್ತುವರಿದ ತಾಟಿನಲ್ಲಿ ನೀರು, ನೀರಿನಲ್ಲಿ ಬಾತುಕೋಳಿ. ಒಡೆದ ಹತ್ತಿಕಾಯಿಯ ಸಿಪ್ಪೆ ರೆಕ್ಕೆ, ಹತ್ತಿ ಮೈ, ಲವಂಗ ಕಣ್ಣು. ನಡುವಿನದರಲ್ಲಿ ಮೊಳಕೆ ಬಂದ ಗೋಧಿ, ಮಾವಿನಕಾಯಿ, ಹುಣಸೆಕಾಯಿ. ಗೋವಿನಜೋಳದ ಸಿಪ್ಪೆ ನೆನೆಸಿ ಕಮಲ ಮಾಡುವುದನ್ನು ದೀಪಾಲಿಗೆ ಕಲಿಸಿದೆ. ಅವಳ ಮೊದಲ ಕಮಲ ಉಳ್ಳಾಗಡ್ಡಿಯ ಹಾಗಿತ್ತು. ಆರನೆಯದು ನನ್ನದಕ್ಕಿಂತ ಚೆನ್ನಾಗಿ ಬಂತು. ಅವಳಿಗೆ ಹೇಳಲಿಲ್ಲ. ಆಮೇಲೆ ಹೇಳಿದೆ. ಮೇಲಿನ ಮೆಟ್ಟಿಲಲ್ಲಿ ಜೋಕಾಲಿ, ಬೇವಿನ ಹೂ, ಎರಡೂ ಕಡೆ ಇಳಿಬಿಟ್ಟ ಮೆಣಸಿನಕಾಯಿ ಸರ.

ಎದುರು ಮನೆಯ ಚಂಪಕ್ಕ ಬಂದಳು. ನನ್ನ ಕೈಯಲ್ಲಿ ಮೆಣಸಿನಕಾಯಿ ಸರ ನೋಡಿ, "ಗೋದಕ್ಕ, ನೀವು ಬಾಯಿಲೆ ಹೇಳ್ರಿ ಸಾಕು. ಕೈ ಯಾಕ ಹಚ್ಚತೀರಿ? ಪಾಪ ಆ ಹುಡುಗಿ ಮೊದಲನೇ ಸಲ ಗೌರಿ ಕೂಡಿಸ್ಯಾಳ, ದೃಷ್ಟಿ ಆದೀತು" ಎಂದಳು.

ನಾನು ಸರ ಕೆಳಗಿಟ್ಟೆ. ತಪ್ಪು ಹೇಳಲಿಲ್ಲ ಅವಳು. ಅವಳ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಇದೇ ದನಿಯಲ್ಲಿ. ಕೇಳುವವರಿಗೆ ಅದು ಇಷ್ಟು ಕೆಟ್ಟದಾಗಿ ಕೇಳಿಸುತ್ತದೆ ಎಂದು ಗೊತ್ತಿರಲಿಲ್ಲ.

ಉಳಿದದ್ದನ್ನು ದೀಪಾಲಿಯೇ ಮಾಡಿದಳು. ಎತ್ತರದ ಎಣ್ಣೆದೀಪದ ಸಮಯಿಗಳನ್ನು ಎಲ್ಲಿ ಇಡಲಿ ಎಂದು ಕೇಳಿದಳು. ಎರಡೂ ಕಡೆ ಇಡು ಎಂದು ಅಡಿಗೆಮನೆಯಿಂದಲೇ ಹೇಳಿದೆ, ಎದ್ದು ಹೋಗಿ ನೋಡಲಿಲ್ಲ.

ಏಪ್ರಿಲ್ 18, ಶುಕ್ರವಾರ

ಎಲ್ಲವನ್ನೂ ಸರಿಯಾಗಿ ಬರೆಯಬೇಕು.

ನಾಲ್ಕೂವರೆಗೆ ವಚ್ಛಲಾಬಾಯಿ ಹಿತ್ತಿಲ ಬಾಗಿಲಿನಿಂದ ಬಂದರು. ಇಳಕಲ್ ಸೀರೆ ಉಟ್ಟಿದ್ದರು. ಇಬ್ಬರೂ ಅಡಿಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತೆವು. ಸಂದಿಯಿಂದ ನನಗೆ ಕಂಡದ್ದು ಮೇಜಿನ ಎಡತುದಿ, ಒಂದು ಬಾತುಕೋಳಿ, ಚಂಪಕ್ಕನ ಬೆನ್ನು. ವಚ್ಛಲಾಬಾಯಿಗೆ ಬೆನ್ನು ಮಾತ್ರ ಕಂಡಿತಂತೆ.

ಐದೂವರೆಗೆ ಪಡಸಾಲೆ ತುಂಬಿತು, ಇಪ್ಪತ್ತು ಮಂದಿ. ಆರಾಸ ಚಂದ ಅದ ಎನ್ನುತ್ತಿದ್ದರು. "ಅತ್ತಿಯವರು ಮಾಡ್ಯಾರ್ರಿ" ಎಂದು ದೀಪಾಲಿ ಪ್ರತಿಯೊಬ್ಬರಿಗೂ ಹೇಳುತ್ತಿದ್ದಳು. ಹೇಳಿದಾಗಲೆಲ್ಲ ಅವರು ಅಡಿಗೆಮನೆಯ ಬಾಗಿಲ ಕಡೆ ನೋಡುತ್ತಿದ್ದರು. ಸೆಕೆ ಬಹಳ ಇತ್ತು. ಯಾರೋ ಫ್ಯಾನ್ ಜೋರು ಮಾಡಿ ಎಂದರು, ಹೇಮಂತ ಮಾಡಿದ.

ಸಮಯಿ ಸರಿಯಾಗಿ ಮೆಣಸಿನಕಾಯಿ ಸರದ ಕೆಳಗೇ ಇತ್ತು. ಫ್ಯಾನಿನ ಗಾಳಿಗೆ ಸರ ತೂಗಿತು, ದೀಪ ವಾಲಿತು, ತುದಿಯ ಮೂರು ಮೆಣಸಿನಕಾಯಿ ಹೊತ್ತಿದವು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ ಎನ್ನುವವರು ಅದನ್ನು ಮುಚ್ಚಿದ ಕೋಣೆಯಲ್ಲಿ ಸುಟ್ಟು ನೋಡಿಲ್ಲ. ಮೊದಲು ಒಬ್ಬರು ಕೆಮ್ಮಿದರು, ಆಮೇಲೆ ಎಲ್ಲರೂ. ಇಪ್ಪತ್ತು ಮಂದಿ ಕಣ್ಣು ಮೂಗು ಒರೆಸುತ್ತ ಹಿತ್ತಿಲಿಗೆಂದು ಅಡಿಗೆಮನೆಗೆ ನುಗ್ಗಿದರು. ನಾನು ಅವರನ್ನು ಸರಿಸುತ್ತ ಪಡಸಾಲೆಗೆ ಹೋದೆ. ಕೈಗೆ ಸಿಕ್ಕದ್ದು ಪಾನಕದ ತಂಬಿಗೆ. ಸುರಿದೆ. ಮೆಣಸಿನಕಾಯಿಯೂ ದೀಪವೂ ಒಟ್ಟಿಗೇ ಶಾಂತವಾದವು.

ಹಿತ್ತಿಲಿನಿಂದ ಚಂಪಕ್ಕನ ದನಿ ಕೇಳಿತು. "ದೀಪ ಶಾಂತ ಆತು, ನೋಡ್ರಿ! ನಿನ್ನೆನ ಹೇಳಿದ್ದೆ, ದೃಷ್ಟಿ ಆಗತದ ಅಂತ."

"ಚಂಪಕ್ಕ" ಎಂದರು ವಚ್ಛಲಾಬಾಯಿ. ಅವರೂ ಕೆಮ್ಮುತ್ತಿದ್ದರು. "ಕೂಸಿಗೆ ದೃಷ್ಟಿ ತಗದು ಮೆಣಸಿನಕಾಯಿ ಒಲಿಗೆ ಹಾಕಿದಾಗ ಘಾಟು ಬರಲಿಲ್ಲ ಅಂದ್ರ ಏನಂತೀರಿ?"

"ದೃಷ್ಟಿ ಆಗೇದ ಅಂತೇವಿ."

"ಘಾಟು ಬಂದ್ರ?"

ಚಂಪಕ್ಕ ಉತ್ತರ ಕೊಡುವ ಮೊದಲು ನಾಲ್ಕು ಸಲ ಸೀನಿದಳು. ಘಾಟು ಬಂದರೆ ದೃಷ್ಟಿ ಇಲ್ಲವೆಂದು ಲೆಕ್ಕ. ಇಷ್ಟೊಂದು ಘಾಟು ಓಣಿಯಲ್ಲಿ ಈವರೆಗೆ ಯಾವ ಮನೆಯಲ್ಲೂ ಬಂದಿಲ್ಲ.

ಹೇಮಂತ ಕಿಟಕಿ ತೆರೆದ. ನಾನು ಹಲಗೆಯ ಮೇಲಿನ ಸೀರೆ ಒರೆಸಿದೆ, ಸುಟ್ಟ ಸರ ಬಿಚ್ಚಿದೆ, ಕಲ್ಲು ಹೊಂದಿಸಿದೆ, ಪಾನಕದಲ್ಲಿ ಮುಳುಗಿದ ಎರಡು ಬಾತುಕೋಳಿ ತೆಗೆದೆ. ದೀಪಾಲಿ ದೀಪ ಹಚ್ಚಿದಳು. ತಿರುಗಿ ನೋಡಿದರೆ ಎಲ್ಲರೂ ಬಂದು ಮತ್ತೆ ಕೂತಿದ್ದರು. ವಚ್ಛಲಾಬಾಯಿಯೂ ಕೂತಿದ್ದರು, ಮೊದಲನೇ ಸಾಲಿನಲ್ಲಿ.

ನಾನು ಅಡಿಗೆಮನೆಗೆ ಹೊರಟೆ. ಬಾಗಿಲಲ್ಲಿ ದೀಪಾಲಿ ನಿಂತಿದ್ದಳು.

"ಅತ್ತ ಸರಿ" ಎಂದೆ.

"ಕುಂದರ್ರಿ ಅತ್ಯಾ."

ಎರಡು ಸಲ ಹೇಳಿದೆ. ಅವಳು ಸರಿಯಲಿಲ್ಲ. ಮೊಣಕಾಲು ನೋಯುತ್ತಿತ್ತು. ವಚ್ಛಲಾಬಾಯಿಯ ಪಕ್ಕದಲ್ಲಿ ಜಾಗ ಇತ್ತು, ಕೂತೆ.

ಎದುರಿಗೆ ಕೂತು ನೋಡಿದರೆ ನಡುವಿನ ಮೆಟ್ಟಿಲು ಎಡಕ್ಕೆ ಎರಡು ಬೆರಳು ಇಳಿದಿದೆ. ಹಲಗೆಯೇ ಹಾಗಿದೆ, ಪ್ರತಿವರ್ಷವೂ ಇಳಿದೇ ಇದ್ದಿರಬೇಕು. ನಾನು ಯಾವಾಗಲೂ ನಿಂತು ಬಡಿಸುತ್ತಿದ್ದವಳು, ಇಲ್ಲಿ ಕೂತು ನೋಡಿರಲಿಲ್ಲ. ಆದರೂ ಚಂದ ಇತ್ತು. ಬಹಳ ಚಂದ ಇತ್ತು.

ದೀಪಾಲಿ ಕುಂಕುಮದ ಭರಣಿ ಹಿಡಿದು ಸಾಲಿನ ತುದಿಯಿಂದ ಬಂದಳು. ವಚ್ಛಲಾಬಾಯಿಯ ಮುಂದೆ ಬಂದು ನಿಂತು ನನ್ನ ಮುಖ ನೋಡಿದಳು. ಪಡಸಾಲೆಯಲ್ಲಿ ಎಲ್ಲರೂ ನನ್ನ ಮುಖವನ್ನೇ ನೋಡಿದರು.

"ಇಲ್ಲೆ ಕೊಡು" ಎಂದೆ.

ನಾನು ಭರಣಿ ತೆಗೆದುಕೊಂಡದ್ದು ತಡೆಯಲಿಕ್ಕೆ ಎಂದು ದೀಪಾಲಿಯೂ ತಿಳಿದಳು, ಅವಳ ಮುಖ ಇಳಿಯಿತು. ವಚ್ಛಲಾಬಾಯಿಯೂ ಹಾಗೇ ತಿಳಿದು ಕಣ್ಣು ಕೆಳಗೆ ಮಾಡಿದರು. ನಾನು ಬೆರಳು ಅದ್ದಿ ಅವರ ಹಣೆಗೆ ಹಚ್ಚಿದೆ. ಹದಿನಾರು ವರ್ಷ ತಡವಾಯಿತು ಎಂದು ಹೇಳಬೇಕೆಂದಿದ್ದೆ. "ನೆಟ್ಟಗ ಕೂಡ್ರಿ, ಅಡ್ಡ ಬೀಳತದ" ಎಂದೆ.

ಚಂಪಕ್ಕ ಎದ್ದಳು. ಕೋಸಂಬರಿ ಡಬ್ಬಿಗೆ ಹಾಕಿಸಿಕೊಂಡು ಹೋದಳು. ಉಳಿದವರು ಕೂತೇ ಇದ್ದರು.

ವಚ್ಛಲಾಬಾಯಿ ನನ್ನ ಕೈಯಿಂದ ಭರಣಿ ತೆಗೆದುಕೊಂಡರು. ಬೇಡ ಎಂದೆ. ಗಟ್ಟಿಯಾಗಿ ಅನ್ನಲಿಲ್ಲ. ನನ್ನ ಹಣೆಗೆ ಹಚ್ಚಿದರು, ಕುಂಕುಮ ಮೂಗಿನ ಮೇಲೂ ಬಿತ್ತು. ಯಾರೋ ನಕ್ಕರು. ನನಗೆ ಅಳು ಬಂತು, ಮೆಣಸಿನಕಾಯಿ ಘಾಟು ಇನ್ನೂ ಅದ ಎಂದು ಹೇಳಿದೆ.

ಎಂಟಕ್ಕೆ ಎಲ್ಲರೂ ಹೋದರು. ದೀಪಾಲಿ ನೆಲ ಒರೆಸಿದಳು. ನಾನು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡೆ, ಹಣೆಯೊಂದು ಬಿಟ್ಟು.